ಜಗದೀಶಚಂದ್ರ ಬೋಸ್

ಹೊಲದ ಬದುವಿನಲ್ಲಿ ಮುಟ್ಟಿದರೆ ಮುನಿ ಗಿಡ ಮುಟ್ಟಿ ಆಟ ಆಡದವರು ನಮ್ಮಲ್ಲಿ ಯಾರಿದ್ದೀರಿ? ಆ ಗಿಡದ ಮುಂದೆ ವರ್ಷಗಟ್ಟಲೆ ಕೂತು ಪರೀಕ್ಷೆ ಮಾಡಿದ ವಿಜ್ಞಾನಿ ಜಗದೀಶಚಂದ್ರ ಬೋಸರು.

ಅವರು 1858ರ ನವೆಂಬರ್ 30ರಂದು ಬಂಗಾಳದಲ್ಲಿ ಜನಿಸಿದರು. ತಂದೆ ಭಗವಾನ್‌ಚಂದ್ರರು ಡೆಪ್ಯುಟಿ ಮ್ಯಾಜಿಸ್ಟ್ರೇಟರು. ಆದರೂ ಮಗನನ್ನು ಇಂಗ್ಲಿಷ್ ಶಾಲೆಗೆ ಹಾಕದೆ ಊರಿನ ಬಂಗಾಳಿ ಶಾಲೆಗೇ ಸೇರಿಸಿದರು. ಅಲ್ಲಿ ಬೆಸ್ತರ ಹುಡುಗನ ಪಕ್ಕ, ಜವಾನನ ಮಗನ ಪಕ್ಕ ಕೂತು ಅಕ್ಷರ ಕಲಿತರು. ನಮ್ಮ ಹಾಗೇ ಅನ್ನಿ!

ಮುಂದೆ ಕೇಂಬ್ರಿಡ್ಜಿನಲ್ಲಿ ಓದಿ, 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಮೇಷ್ಟ್ರಾಗಿ ಬಂದರು. ಅಲ್ಲಿ ಭಾರತೀಯರಿಗೆ ಬಿಳಿಯರಿಗಿಂತ ಕಡಿಮೆ ಸಂಬಳ. ಬೋಸರು ಪಾಠ ಬಿಡಲಿಲ್ಲ, ಸಂಬಳ ಮುಟ್ಟಲಿಲ್ಲ. ಒಂದಲ್ಲ ಎರಡಲ್ಲ, ಮೂರು ವರ್ಷ! ಕೊನೆಗೆ ಸರ್ಕಾರವೇ ಮಣಿದು ಪೂರ್ತಿ ಬಾಕಿ ಕೊಟ್ಟಿತು.

ಪ್ರಯೋಗ ಮಾಡಲು ಇದ್ದದ್ದು ಒಂದು ಸಣ್ಣ ಕೋಣೆ. ತಗಡು ಕೆಲಸದವನೊಬ್ಬನನ್ನು ಜೊತೆಗಿಟ್ಟುಕೊಂಡು ಉಪಕರಣ ಮಾಡಿಸಿದರು. 1895ರಲ್ಲಿ ಟೌನ್ ಹಾಲಿನಲ್ಲಿ, ತಂತಿಯೇ ಇಲ್ಲದೆ, ಗೋಡೆಯಾಚೆ ಗಂಟೆ ಬಾರಿಸಿ ಮದ್ದು ಸಿಡಿಸಿ ತೋರಿಸಿದರು. ಅವರು ಹುಟ್ಟಿಸಿದ ಅತಿ ಚಿಕ್ಕ ಅಲೆಯ ಉದ್ದ ಬರೀ 5 ಮಿಲಿಮೀಟರ್. ಅಂದರೆ ಸೆಕೆಂಡಿಗೆ ಸುಮಾರು 6,000 ಕೋಟಿ ಕಂಪನ.

ಆಮೇಲೆ ಮನಸ್ಸು ಜೀವಿಗಳ ಕಡೆ ಹೊರಳಿತು. ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೊಗ್ರಾಫ್ ತಯಾರಿಸಿದರು. ರೇಡಿಯೊ ಅಲೆಯನ್ನೇ ಗಿಡದ ಮೇಲೆ ಬಿಟ್ಟು ನೋಡಿದರು. ಸೌಮ್ಯ ಅಲೆಗೆ ಬೆಳವಣಿಗೆ ಚುರುಕಾಗುತ್ತದೆ, ಜೋರಾದ ಅಲೆಗೆ ಕುಂಠಿತವಾಗುತ್ತದೆ ಅಂತ 1919ರಲ್ಲಿ ಬರೆದರು. ಗಿಡಕ್ಕೂ ಸ್ಪಂದನೆ ಉಂಟು ಎಂಬ ಅವರ ಮಾತನ್ನು ವಿದೇಶದ ಕೆಲವು ಪಂಡಿತರು ಒಪ್ಪಿರಲಿಲ್ಲ. ಆದರೆ ಅಲೆ ಜೀವಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಈಗ ಅದೇ ಪ್ರಶ್ನೆ ಮನುಷ್ಯನ ಜೀವಕೋಶದ ಬಗ್ಗೆ ಎದ್ದಿದೆ. ಬೋಸರ ಅಲೆಗಿಂತಲೂ ಚಿಕ್ಕದು ಟೆರಾಹರ್ಟ್ಜ್ ಅಲೆ. ಸೆಕೆಂಡಿಗೆ ಲಕ್ಷ ಕೋಟಿ ಕಂಪನ! ಎಕ್ಸ್‌ರೇ ಹಾಗೆ ಇದು ಮೈಯೊಳಗೆ ತೂರಿ ಹೋಗುವುದಿಲ್ಲ. ಚರ್ಮದಲ್ಲಿರುವ ನೀರೇ ಹೀರಿಕೊಂಡು ಬಿಡುತ್ತದೆ. ಎಕ್ಸ್‌ರೇಯಂತೆ ಅಣುಬಂಧ ಕಡಿಯುವ ಶಕ್ತಿಯೂ ಇದಕ್ಕಿಲ್ಲ. ಜೋರಾಗಿ ಬಿದ್ದರೆ ಕೋಶ ಬಿಸಿಯಾಗುತ್ತದೆ. ಬಿಸಿ ಹದ ಮೀರಿದರೆ ಏನಾಗುತ್ತದೆ ಅಂತ ನಮ್ಮ ರಾಮನಗರದ ಕಡೆ ಹುಳು ಮನೆ ಇಟ್ಟವರಿಗೆ ಹೇಳಬೇಕಾಗಿಲ್ಲ. ಬಿಸಿಯಲ್ಲದೆ ಬೇರೆ ಪರಿಣಾಮವೂ ಉಂಟೆ? ಇದರಲ್ಲಿ ವಿಜ್ಞಾನಿಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಬೋಸರು 1917ರಲ್ಲಿ ಕಲ್ಕತ್ತೆಯಲ್ಲಿ ಬೋಸ್ ಸಂಸ್ಥೆ ತೆರೆದರು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು. ಅವರು ಮಾಡಿಸಿದ ಉಪಕರಣಗಳನ್ನು ಆ ಸಂಸ್ಥೆಯಲ್ಲಿ ಕಾಪಾಡಿ ಇಟ್ಟಿದ್ದಾರೆ.