ಜೇಮ್ಸ್ ಲಿಂಡ್

ಜೇಮ್ಸ್ ಲಿಂಡ್ (4 ಅಕ್ಟೋಬರ್ 1716 – 13 ಜುಲೈ 1794) ಸ್ಕಾಟ್ಲೆಂಡಿನ ವೈದ್ಯ. ಬ್ರಿಟಿಷ್ ನೌಕಾಪಡೆಯಲ್ಲಿ ಶಸ್ತ್ರವೈದ್ಯನಾಗಿದ್ದಾಗ ಸ್ಕರ್ವಿ ರೋಗದ ಮೇಲೆ ಈತ ನಡೆಸಿದ ತುಲನಾತ್ಮಕ ಪ್ರಯೋಗ ವೈದ್ಯವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಆರಂಭಿಕ ಜೀವನ

ಲಿಂಡ್ ಎಡಿನ್‌ಬರೋ ನಗರದಲ್ಲಿ ಜನಿಸಿದ. 1731ರಲ್ಲಿ ಶಸ್ತ್ರವೈದ್ಯನೊಬ್ಬನ ಬಳಿ ಶಿಷ್ಯನಾಗಿ ಸೇರಿ ವೃತ್ತಿಯನ್ನು ಕಲಿತ. 1739ರಲ್ಲಿ ಸಹಾಯಕ ಶಸ್ತ್ರವೈದ್ಯನಾಗಿ ನೌಕಾಪಡೆಯನ್ನು ಸೇರಿ, ಮೆಡಿಟರೇನಿಯನ್ ಸಮುದ್ರ, ಪಶ್ಚಿಮ ಆಫ್ರಿಕ ಹಾಗೂ ವೆಸ್ಟ್ ಇಂಡೀಸ್ ಪ್ರದೇಶಗಳಲ್ಲಿ ಸೇವೆ ಸಲ್ಲಿಸಿದ.

ಸ್ಕರ್ವಿ ಪ್ರಯೋಗ

ಉಪ್ಪು ಹಾಕಿದ ಮಾಂಸ ಮತ್ತು ಒಣ ಬಿಸ್ಕತ್ತುಗಳನ್ನೇ ತಿಂಗಳುಗಟ್ಟಲೆ ತಿನ್ನುತ್ತಿದ್ದ ನಾವಿಕರಲ್ಲಿ ಒಸಡು ಊದಿಕೊಂಡು, ಹಲ್ಲುಗಳು ಸಡಿಲವಾಗಿ, ಮಾಗಿದ ಗಾಯಗಳೂ ಮತ್ತೆ ಬಿರಿಯುತ್ತಿದ್ದವು. 1740–44ರ ಅವಧಿಯಲ್ಲಿ ಜಾರ್ಜ್ ಆನ್ಸನ್ ಕೈಗೊಂಡ ನೌಕಾಯಾನದಲ್ಲಿ ಹೆಚ್ಚಿನ ನಾವಿಕರು ಸತ್ತರು. ಇದಕ್ಕೆ ಸ್ಕರ್ವಿಯೇ ಮುಖ್ಯ ಕಾರಣವಾಗಿತ್ತು.

1747ರ ಮೇ 20ರಂದು ಸಾಲಿಸ್‌ಬರಿ ಎಂಬ ಯುದ್ಧನೌಕೆಯಲ್ಲಿ ಲಿಂಡ್ ಒಂದೇ ಬಗೆಯ ಲಕ್ಷಣಗಳಿದ್ದ 12 ರೋಗಿಗಳನ್ನು ಆರಿಸಿ, ಒಂದೇ ಸ್ಥಳದಲ್ಲಿರಿಸಿ, ಎಲ್ಲರಿಗೂ ಸಮಾನ ಆಹಾರ ಕೊಟ್ಟ. ಅವರನ್ನು ಇಬ್ಬಿಬ್ಬರ ಆರು ಜೋಡಿಗಳಾಗಿ ವಿಂಗಡಿಸಿ, ಜೋಡಿಗೊಂದರಂತೆ ಸೇಬಿನ ಮದ್ಯ, ಗಂಧಕಾಮ್ಲ ಬೆರೆತ ಔಷಧ, ವಿನೆಗರ್, ಸಮುದ್ರದ ನೀರು, ಬೆಳ್ಳುಳ್ಳಿ–ಸಾಸಿವೆಗಳ ಲೇಹ್ಯ ಮತ್ತು ಹಣ್ಣುಗಳನ್ನು ನೀಡಿದ. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ಪಡೆದ ಜೋಡಿ ಬೇಗ ಚೇತರಿಸಿಕೊಂಡಿತು. ಆರು ದಿನಗಳಲ್ಲಿ ಹಣ್ಣು ಮುಗಿದರೂ, ಅಷ್ಟರಲ್ಲಿ ಅವರಲ್ಲೊಬ್ಬ ಕೆಲಸಕ್ಕೆ ಮರಳುವಷ್ಟು ಗುಣಮುಖನಾಗಿದ್ದ. ಸೇಬಿನ ಮದ್ಯ ಕುಡಿದವರಲ್ಲಿ ಅಲ್ಪ ಸುಧಾರಣೆ ಕಂಡುಬಂದಿತು.

ನಂತರದ ಜೀವನ

1748ರಲ್ಲಿ ನೌಕಾಪಡೆಯನ್ನು ಬಿಟ್ಟ ಲಿಂಡ್ ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದ. 1753ರಲ್ಲಿ ಸ್ಕರ್ವಿ ಕುರಿತ ಗ್ರಂಥವನ್ನೂ 1757ರಲ್ಲಿ ನಾವಿಕರ ಆರೋಗ್ಯ ಕುರಿತ ಪ್ರಬಂಧವನ್ನೂ ಪ್ರಕಟಿಸಿದ. 1758ರಿಂದ 1783ರವರೆಗೆ ಗಾಸ್‌ಪೋರ್ಟ್ ಬಳಿಯ ಹ್ಯಾಸ್ಲರ್ ನೌಕಾ ಆಸ್ಪತ್ರೆಯ ಮುಖ್ಯ ವೈದ್ಯನಾಗಿದ್ದ. ಹಡಗುಗಳಲ್ಲಿ ಸ್ವಚ್ಛತೆ ಹಾಗೂ ಗಾಳಿಯಾಡುವ ವ್ಯವಸ್ಥೆ ಇರಬೇಕೆಂದೂ, ಸಮುದ್ರದ ನೀರನ್ನು ಬಟ್ಟಿ ಇಳಿಸಿ ಕುಡಿಯಲು ಬಳಸಬಹುದೆಂದೂ ಸೂಚಿಸಿದ.

ಮಿತಿಗಳು ಮತ್ತು ಪ್ರಭಾವ

ತನ್ನ ಪ್ರಯೋಗದ ಪೂರ್ಣ ಅರ್ಥ ಲಿಂಡ್‌ಗೇ ಹೊಳೆದಿರಲಿಲ್ಲ. ತೇವಭರಿತ ಹವೆಯೂ ರೋಗಕ್ಕೆ ಕಾರಣವೆಂದು ಈತ ನಂಬಿದ್ದ. ಹಣ್ಣಿನ ರಸವನ್ನು ಕಾಯಿಸಿ ಗಟ್ಟಿಗೊಳಿಸಿ ಸಂಗ್ರಹಿಸುವ ವಿಧಾನವನ್ನು ಈತನೇ ಸೂಚಿಸಿದ. ಆದರೆ ಕಾಯಿಸಿದಾಗ ಅದರಲ್ಲಿನ ಸಿ ಜೀವಸತ್ತ್ವ ಬಹುಮಟ್ಟಿಗೆ ನಾಶವಾಗುತ್ತಿತ್ತು. ಗಿಲ್ಬರ್ಟ್ ಬ್ಲೇನ್ ಮೊದಲಾದವರ ಪ್ರಯತ್ನದಿಂದ 1795ರಲ್ಲಿ ನಾವಿಕರಿಗೆ ನಿಂಬೆರಸ ನೀಡಲು ನೌಕಾಡಳಿತ ಒಪ್ಪಿತು. ಆ ವೇಳೆಗೆ ಪ್ರಯೋಗ ನಡೆದು 48 ವರ್ಷಗಳಾಗಿದ್ದವು. ಲಿಂಡ್ ಹಿಂದಿನ ವರ್ಷವೇ ಗಾಸ್‌ಪೋರ್ಟ್‌ನಲ್ಲಿ ನಿಧನನಾಗಿದ್ದ.