ಕರ್ಮವೀರ ಭಾವುರಾವ್ ಪಾಟೀಲ್: ಶಾಲೆಯಿಲ್ಲದ ಊರುಗಳಿಗೆ ಶಾಲೆ ತಂದ ಶ್ರಾವಕ

ಕುಂಭೋಜ ಬಾಹುಬಲಿಗೆ ನಮ್ಮ ರಾಜ್ಯದಿಂದ, ಅದರಲ್ಲೂ ಬೆಳಗಾವಿ ಭಾಗದಿಂದ, ಪ್ರತಿವರ್ಷ ಸಾವಿರಾರು ಶ್ರಾವಕ-ಶ್ರಾವಕಿಯರು ಯಾತ್ರೆ ಹೋಗುತ್ತಾರೆ. 28 ಅಡಿಯ ಭಗವಾನ್ ಬಾಹುಬಲಿಯ ದರ್ಶನ ಮಾಡಿ, ಬೆಟ್ಟದ ಮೇಲಿನ ಬಸದಿಗಳಿಗೆ ಹೋಗಿ ಮರಳುತ್ತಾರೆ. ಹತ್ತಿರದಲ್ಲೇ ಇರುವ ಕುಂಭೋಜ ಗ್ರಾಮಕ್ಕೆ ಹೋಗುವವರು ಕಡಿಮೆ. ಮಹಾರಾಷ್ಟ್ರದ ಹಳ್ಳಿಗಾಡಿನ ಜನ ಇಂದಿಗೂ ಕರ್ಮವೀರ ಅಣ್ಣಾ ಎಂದು ನೆನೆಯುವ ಭಾವುರಾವ್ ಪಾಟೀಲರು 1887ರ ಸೆಪ್ಟೆಂಬರ್ 22ರಂದು ಹುಟ್ಟಿದ್ದು ಆ ಗ್ರಾಮದಲ್ಲಿ.

ದಿಗಂಬರ ಜೈನ ಕುಟುಂಬ. ತಂದೆ ಪಾಯಗೊಂಡ ಪಾಟೀಲರು ಕಂದಾಯ ಇಲಾಖೆಯಲ್ಲಿ ಗುಮಾಸ್ತರು, ತಾಯಿ ಗಂಗಾಬಾಯಿ. ಮನೆತನದ ಮೂಲ ನಮ್ಮ ಮೂಡಬಿದಿರೆ, ಅಲ್ಲಿಂದ ಪೂರ್ವಜರು ಉತ್ತರಕ್ಕೆ ವಲಸೆ ಹೋದರು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಪಾಯಗೊಂಡ ಎಂಬ ಹೆಸರಿನಲ್ಲೇ ಕನ್ನಡದ ವಾಸನೆ ಇದೆ.

ತಂದೆಯ ವರ್ಗಾವಣೆಯಿಂದಾಗಿ ಊರೂರು ಅಲೆದ ಹುಡುಗನ ಓದು ಕೊನೆಗೆ ಕೊಲ್ಹಾಪುರದ ರಾಜಾರಾಮ್ ಹೈಸ್ಕೂಲಿಗೆ ಬಂತು. ವಾಸ ಜೈನ ಬೋರ್ಡಿಂಗಿನಲ್ಲಿ. ನಿಪ್ಪಾಣಿ ಬಳಿಯ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ಹುಟ್ಟಿಕೊಂಡ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯವರು ಸಮಾಜದ ಮಕ್ಕಳ ಓದಿಗಾಗಿ ನಡೆಸುತ್ತಿದ್ದ ಬೋರ್ಡಿಂಗ್ ಅದು. ಅದರ ಉಸ್ತುವಾರಿ ಸಮಾಜದ ಹಿರಿಯ ವಿದ್ವಾಂಸರಾದ ಅಣ್ಣಾಸಾಹೇಬ ಲಟ್ಠೆಯವರದು. 1908ರಲ್ಲಿ ಶಾಹು ಮಹಾರಾಜರು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ತೆರೆದರು. ಆ ಸಮಾರಂಭಕ್ಕೆ ಹೋಗಿ ಬಂದ ಭಾವುರಾವ್, ಮೈಲಿಗೆ ಕಳೆಯಲು ಸ್ನಾನ ಮಾಡಿ ಒಳಗೆ ಬರಬೇಕೆಂಬ ಮಾತಿಗೆ ಒಪ್ಪಲಿಲ್ಲ. ಅವರನ್ನು ಬೋರ್ಡಿಂಗಿನಿಂದ ಹೊರಹಾಕಲಾಯಿತು. ಆಗ ಆಶ್ರಯ ಕೊಟ್ಟವರು ಶಾಹು ಮಹಾರಾಜರೇ.

ನಮ್ಮ ಸಮಾಜದ ಪತ್ರಿಕೆಗಳಲ್ಲಿ ಭಾವುರಾಯರ ಬಗ್ಗೆ ಬರೆಯುವಾಗ ಈ ಪ್ರಸಂಗವನ್ನು ಮೆಲ್ಲಗೆ ದಾಟಿಬಿಡುವುದುಂಟು. ದಾಟಬಾರದು. ಮುಂದೆ ಅವರು ಕಟ್ಟಿದ ಪ್ರತಿಯೊಂದು ವಸತಿಗೃಹವೂ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುವಂಥದ್ದಾಯಿತು.

ಕಥೆಗೆ ಇನ್ನೊಂದು ತಿರುವಿದೆ. 1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ದೊರೆಯ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಆ ಹೊತ್ತಿಗೆ ದರಬಾರಿನ ಅವಕೃಪೆಗೆ ಒಳಗಾಗಿದ್ದ ಲಟ್ಠೆಯವರ ವಿರುದ್ಧ ಸಾಕ್ಷಿ ಹೇಳುವಂತೆ ಭಾವುರಾಯರ ಮೇಲೆ ಒತ್ತಡ ಬಂತು. ತಮ್ಮನ್ನು ಬೋರ್ಡಿಂಗಿನಿಂದ ಹೊರಗೆ ಕಳಿಸಿದವರ ಮೇಲೆ ಹಗೆ ತೀರಿಸಿಕೊಳ್ಳಲು ಬೇರೆ ಅವಕಾಶ ಬೇಕಿರಲಿಲ್ಲ. ಭಾವುರಾವ್ ಸುಳ್ಳು ಹೇಳಲಿಲ್ಲ. ಸೆರೆಮನೆಗೆ ಹೋದರು, ಹಿಂಸೆ ತಾಳಲಾರದೆ ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದರು, ಕೊನೆಗೆ ಬಿಡುಗಡೆಯಾದರು. ಸತ್ಯವ್ರತದ ಬಗ್ಗೆ ಪ್ರವಚನ ಕೇಳುವ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ.

ಹೊಟ್ಟೆಪಾಡಿಗೆ ಅವರು ಮಾಡಿದ ಕೆಲಸವೇ ಮುಂದಿನ ಸೇವೆಗೆ ದಾರಿಯಾಯಿತು. ನಮ್ಮ ಬೆಳಗಾವಿ ಜಿಲ್ಲೆಯವರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಿರ್ಲೋಸ್ಕರವಾಡಿಯಲ್ಲಿ ತಯಾರಿಸುತ್ತಿದ್ದ ಕಬ್ಬಿಣದ ನೇಗಿಲನ್ನು ಹಳ್ಳಿ ಹಳ್ಳಿಗೆ ಹೋಗಿ ಮಾರುವ ಕೆಲಸ. ಕಬ್ಬಿಣ ತಗುಲಿದರೆ ಭೂಮಿ ಕೆಡುತ್ತದೆ ಎಂದು ನಂಬಿದ್ದ ರೈತರ ಮನ ಒಲಿಸಬೇಕಿತ್ತು. ಹಾಗೆ ತಿರುಗುವಾಗ ಅವರು ಊರುಗಳನ್ನು ಒಳಗಿನಿಂದ ಕಂಡರು. ಶಾಲೆ ಇರುವ ಊರೇ ಅಪರೂಪ. ಓದು ಬಾರದ್ದರಿಂದ ಸಾಲಪತ್ರದಲ್ಲಿ ಏನಿದೆಯೆಂದು ತಿಳಿಯದೆ ಹೊಲ ಕಳೆದುಕೊಂಡವರು ಎಲ್ಲೆಡೆ ಇದ್ದರು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ವಿಚಾರಗಳು ಅಷ್ಟರಲ್ಲಿ ಅವರ ಮನಸ್ಸಿನಲ್ಲಿ ನೆಲೆಯೂರಿದ್ದವು.

1910ರ ಸುಮಾರಿಗೆ ಸಾಂಗ್ಲಿ ಸೀಮೆಯ ದುಧಗಾಂವದಲ್ಲಿ ಗೆಳೆಯರ ಜೊತೆ ಒಂದು ವಿದ್ಯಾರ್ಥಿ ಆಶ್ರಮ ನಡೆಸಿ ನೋಡಿದ್ದರು. ಮನೆಮನೆಯಿಂದ ಹಿಡಿ ಧಾನ್ಯ ಎತ್ತಿ ಮಕ್ಕಳ ಊಟ ನಡೆಸುವ ಪದ್ಧತಿ ಅಲ್ಲಿನದು. ಹಣ ಕೊಡಲಾಗದ ಬಡವನೂ ಒಂದು ಹಿಡಿ ಜೋಳ ಕೊಡಬಲ್ಲ. ಹಾಗೆ ಕೊಟ್ಟಮೇಲೆ ಆ ಆಶ್ರಮ ಅವನದೂ ಆಗುತ್ತದೆ. ಈ ಲೆಕ್ಕವನ್ನು ಭಾವುರಾವ್ ಬದುಕಿಡೀ ಬಿಡಲಿಲ್ಲ. 1919ರ ವಿಜಯದಶಮಿಯಂದು ಕರಾಡ ಬಳಿಯ ಕಾಲೆ ಎಂಬ ಹಳ್ಳಿಯಲ್ಲಿ ರಯತ್ ಶಿಕ್ಷಣ ಸಂಸ್ಥೆ ಹುಟ್ಟಿತು. ರಯತ್ ಎಂದರೆ ರೈತ, ಸಾಮಾನ್ಯ ಪ್ರಜೆ. ಹೆಸರಿನಲ್ಲಿ ಯಾವ ಜಾತಿಯೂ ಇಲ್ಲ, ದಾನಿಯೂ ಇಲ್ಲ. ಸಂಸ್ಥೆಯ ಲಾಂಛನ ಆಲದ ಮರ.

1924ರಲ್ಲಿ ಸಂಸ್ಥೆ ಸಾತಾರಾಕ್ಕೆ ಬಂತು. ಅಲ್ಲಿ ಆರಂಭವಾದ ವಸತಿಗೃಹಕ್ಕೆ ಛತ್ರಪತಿ ಶಾಹು ಬೋರ್ಡಿಂಗ್ ಎಂದು ಮಹಾತ್ಮ ಗಾಂಧೀಜಿಯವರು 1927ರಲ್ಲಿ ಬಂದು ನಾಮಕರಣ ಮಾಡಿದರು. ತಮ್ಮನ್ನು ಕಾಪಾಡಿದ, ಮುಂದೆ ತಮ್ಮ ಆಡಳಿತದಲ್ಲೇ ಸೆರೆಗೆ ಹಾಕಿಸಿಕೊಂಡ ಅದೇ ಶಾಹು ಮಹಾರಾಜರ ಹೆಸರು ಅದು. ಮರಾಠಾ, ಮುಸ್ಲಿಂ, ಮಹಾರ್, ಮಾಂಗ್, ಜೈನ, ಎಲ್ಲ ಮನೆಗಳ ಮಕ್ಕಳೂ ಅಲ್ಲಿ ಒಟ್ಟಿಗೆ ಅಡುಗೆ ಮಾಡಿದರು, ಒಟ್ಟಿಗೆ ಉಂಡರು.

ಆ ಮಕ್ಕಳಿಗೆ ತಾಯಿಯಾದವರು ಭಾವುರಾಯರ ಪತ್ನಿ ಲಕ್ಷ್ಮೀಬಾಯಿ. ಸಂಪ್ರದಾಯಸ್ಥ ಜೈನ ಮನೆಯಲ್ಲಿ, ಮಡಿ-ಮೈಲಿಗೆಯ ನಡುವೆ ಬೆಳೆದ ಹೆಣ್ಣುಮಗಳು. ಅವರ ಅಡುಗೆಮನೆಯೊಳಗೆ ಊರು ಮುಟ್ಟದ ಮಕ್ಕಳು ಬಂದು ಕುಳಿತರು. ಒಬ್ಬೊಬ್ಬರಾಗಿ ಅವರನ್ನೆಲ್ಲ ತನ್ನ ಮಕ್ಕಳೆಂದು ಒಪ್ಪಿಕೊಂಡ ಆ ತಾಯಿ, ಬೋರ್ಡಿಂಗಿಗೆ ಕಾಳು ಮುಗಿದಾಗಲೆಲ್ಲ ಒಂದೊಂದೇ ಒಡವೆ ಕೊಟ್ಟರು. ಒಮ್ಮೆ ಭಾವುರಾವ್ ಪರಊರಿನಲ್ಲಿದ್ದಾಗ ಉಗ್ರಾಣ ಬರಿದಾಗಿ, ಉಳಿದಿದ್ದ ಮಂಗಳಸೂತ್ರವನ್ನೂ ಮಾರಿಸಿ ಮಕ್ಕಳ ಊಟ ನಡೆಸಿದರು. 1930ರಲ್ಲಿ ಅವರು ತೀರಿಕೊಂಡರು. ಆಹಾರದಾನ, ಜ್ಞಾನದಾನ ಎಂದು ನಾವು ಬೇರೆ ಬೇರೆ ಎಣಿಸುತ್ತೇವೆ, ಆ ಮನೆಯಲ್ಲಿ ಎರಡೂ ಒಂದೇ ಆಗಿದ್ದವು.

ಆದರೆ ಬರೀ ದಾನದ ಮೇಲೆ ಸಂಸ್ಥೆ ನಿಲ್ಲುವುದು ಭಾವುರಾಯರಿಗೆ ಬೇಕಿರಲಿಲ್ಲ. ವಿದ್ಯಾರ್ಥಿಗಳು ಹೊಲ ಉತ್ತರು, ಕಲ್ಲು ಒಡೆದರು, ಕಟ್ಟಡಕ್ಕೆ ಮಣ್ಣು ಹೊತ್ತರು, ಆ ದುಡಿಮೆಯಿಂದ ತಮ್ಮ ಖರ್ಚು ತೂಗಿಸಿಕೊಂಡರು. ದುಡಿದು ಕಲಿಯುವ ಈ ಪದ್ಧತಿಯಲ್ಲಿ ಓದಿದವರಿಗೆ ಯಾರ ಹಂಗೂ ಇರಲಿಲ್ಲ.

ಅವರ ಕೆಲಸದ ಅತಿ ದೊಡ್ಡ ಭಾಗ ಇನ್ನು ಮುಂದಿನದು, ಇದರ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ. ವಸತಿಗೃಹಕ್ಕೆ ಬರುವ ಮಗು ಈಗಾಗಲೇ ನಾಲ್ಕಕ್ಷರ ಕಲಿತಿರಬೇಕು. ಊರಲ್ಲಿ ಶಾಲೆಯೇ ಇಲ್ಲದಿದ್ದರೆ? ಮುಂಬೈ ಪ್ರಾಂತ್ಯದ ಸರ್ಕಾರಕ್ಕೆ ಎಲ್ಲ ಊರುಗಳಲ್ಲೂ ಶಾಲೆ ತೆರೆಯುವ ಶಕ್ತಿ ಇರಲಿಲ್ಲ. 1937ರಲ್ಲಿ ಬಿ.ಜಿ. ಖೇರ್ ಅವರ ಮಂತ್ರಿಮಂಡಲ ಬಂದಾಗ, ಶಾಲೆಯಿಲ್ಲದ ಹಳ್ಳಿಗಳಲ್ಲಿ ಸೇವಾಸಂಸ್ಥೆಗಳು ಶಾಲೆ ತೆರೆದರೆ ಅನುದಾನ ಕೊಡುವ ನೀತಿಗೆ ಬಲ ಬಂತು. ಆ ಮಂತ್ರಿಮಂಡಲದಲ್ಲಿ ಅರ್ಥಮಂತ್ರಿಯಾಗಿದ್ದವರು ಅದೇ ಅಣ್ಣಾಸಾಹೇಬ ಲಟ್ಠೆಯವರು ಎಂಬುದನ್ನು ಓದುಗರು ಗಮನಿಸಬಹುದು.

ಭಾವುರಾವ್ ಇದಕ್ಕೆ ಮೊದಲೇ ಸಿದ್ಧರಾಗಿದ್ದರು. ಶಾಲೆಗೆ ಕಟ್ಟಡಕ್ಕಿಂತ ಮುಂಚೆ ಶಿಕ್ಷಕ ಬೇಕೆಂದು ತಿಳಿದು 1935ರಲ್ಲೇ ಸಾತಾರಾದಲ್ಲಿ ಸಿಲ್ವರ್ ಜ್ಯುಬಿಲಿ ಗ್ರಾಮೀಣ ತರಬೇತಿ ಕಾಲೇಜು ತೆರೆದಿದ್ದರು. ಹಳ್ಳಿಯ ಹುಡುಗನೇ ಅಲ್ಲಿ ತರಬೇತಿ ಪಡೆದು ಹಳ್ಳಿಗೆ ಮರಳುತ್ತಿದ್ದ. ಊರವರು ಜಾಗ ಕೊಟ್ಟರು, ಸಂಸ್ಥೆ ಶಿಕ್ಷಕನನ್ನು ಕೊಟ್ಟಿತು, ಸರ್ಕಾರ ಅನುದಾನ ಕೊಟ್ಟಿತು. ಚಾವಡಿಯಲ್ಲಿ, ಗುಡಿಯ ಜಗಲಿಯಲ್ಲಿ ತರಗತಿ ನಡೆದವು. ಬಹುತೇಕ ಕಡೆ ಒಬ್ಬನೇ ಶಿಕ್ಷಕ. ಗುಡ್ಡದ ಮೇಲಿನ ಊರು, ದಾರಿಯಿಲ್ಲದ ಊರು, ಇಂಥವೇ ಹೆಚ್ಚು. ಹೀಗೆ ಸಂಸ್ಥೆ ತೆರೆದ ಸ್ವಯಂಪ್ರೇರಿತ ಶಾಲೆಗಳ ಸಂಖ್ಯೆ 578. ಮುಂದೆ ಪ್ರಾಥಮಿಕ ಶಿಕ್ಷಣದ ಹೊಣೆಯನ್ನು ಸರ್ಕಾರವೇ ಹೊತ್ತಾಗ ಈ ಶಾಲೆಗಳು ಸಾರ್ವಜನಿಕ ಶಾಲಾ ಮಂಡಳಿಯ ಕೈ ಸೇರಿದವು. ಕಟ್ಟಿದ್ದನ್ನು ಹೆಸರಿಗಾಗಿ ಹಿಡಿದಿಟ್ಟುಕೊಳ್ಳದೆ ಬಿಟ್ಟುಕೊಟ್ಟು, ಸಂಸ್ಥೆ ಮುಂದಿನ ಹೆಜ್ಜೆಯಾದ ಹೈಸ್ಕೂಲುಗಳತ್ತ ತಿರುಗಿತು. ಒಂದು ಫಲಕ ಬದಲಿಸಲು ಹತ್ತು ಸಭೆ ಸೇರುವ ಟ್ರಸ್ಟುಗಳನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ.

1940ರಲ್ಲಿ ಸಾತಾರಾದಲ್ಲಿ ಮಹಾರಾಜಾ ಸಯಾಜಿರಾವ್ ಹೈಸ್ಕೂಲು, 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾದವು. ಪುಣೆಯಲ್ಲಿ ಪುಣೆ ಒಪ್ಪಂದದ ನೆನಪಿಗೆ 1932ರಲ್ಲೇ ಯೂನಿಯನ್ ಬೋರ್ಡಿಂಗ್ ತೆರೆದಿದ್ದರು.

ಪರೀಕ್ಷೆ ಬಂದದ್ದು 1948ರಲ್ಲಿ. ಗಾಂಧೀಜಿಯವರ ಹತ್ಯೆಯ ನಂತರದ ಗದ್ದಲದ ದಿನಗಳಲ್ಲಿ ಸರ್ಕಾರಕ್ಕೂ ಸಂಸ್ಥೆಗೂ ಬಿರುಕು ಬಿದ್ದು ಅನುದಾನ ನಿಂತಿತು. ನೂರಾರು ಶಿಕ್ಷಕರ ಸಂಬಳ, ಸಾವಿರಾರು ಮಕ್ಕಳ ಊಟದ ಪ್ರಶ್ನೆ ಅದು. ಭಾವುರಾವ್ ತಲೆಬಾಗಲಿಲ್ಲ, ಮತ್ತೆ ಊರುಗಳಿಗೆ ಹೋದರು. ಉದ್ದ ಗಡ್ಡದ, ಕಂಬಳಿ ಹೊದ್ದ, ಬರಿಗಾಲಿನ ಆ ಮುದುಕರನ್ನು ಬರಿಗೈಯಲ್ಲಿ ಕಳಿಸಿದ ಊರು ಇರಲಿಲ್ಲ. ಸಂತ ಗಾಡಗೆ ಮಹಾರಾಜರು ಬೆಂಬಲಕ್ಕೆ ನಿಂತರು. ಕೊನೆಗೆ ಅನುದಾನ ಮರಳಿತು. ಸರ್ಕಾರದ ಹಣ ನಿಂತಾಗ ಸಂಸ್ಥೆಯನ್ನು ಉಳಿಸಿದ್ದು ದುಧಗಾಂವದ ಆ ಹಿಡಿ ಧಾನ್ಯದ ಲೆಕ್ಕವೇ. ಅದೇ ಸಂಕಟದ ನಡುವೆ ಗಾಂಧೀಜಿಯವರ ನೆನಪಿಗೆ ಹೈಸ್ಕೂಲುಗಳನ್ನು ತೆರೆಯುವ ಸಂಕಲ್ಪವನ್ನೂ ಮಾಡಿದರು! 1954ರಲ್ಲಿ ಕರಾಡದಲ್ಲಿ ತೆರೆದ ಕಾಲೇಜಿಗೆ ಗಾಡಗೆ ಮಹಾರಾಜರ ಹೆಸರಿಟ್ಟರು.

1959ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ನೀಡಿತು, ಪುಣೆ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ಕೊಟ್ಟಿತು. ಆ ವರ್ಷದ ಮೇ 9ರಂದು ಭಾವುರಾವ್ ಕೊನೆಯುಸಿರೆಳೆದರು. ಆಗ ಸಂಸ್ಥೆಯ ಹೈಸ್ಕೂಲುಗಳು 108, ಸರ್ವಜಾತಿ ವಸತಿಗೃಹಗಳು 38. ಶಾಹು ಬೋರ್ಡಿಂಗಿನಲ್ಲಿ ಬೆಳೆದ ಪಿ.ಜಿ. ಪಾಟೀಲರು ಮುಂದೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳಾದರು. ಬೋರ್ಡಿಂಗಿನಿಂದ ಹೊರಬಿದ್ದ ಹುಡುಗ ಒಂದು ಕಾಲಕ್ಕೆ ಬೀದಿಯಲ್ಲಿ ನಿಂತಿದ್ದ ಅದೇ ಕೊಲ್ಹಾಪುರ ಅದು.