ಗೌದಿ ಕಟ್ಟಿದ ಪುಟ್ಟ ಶಾಲೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಗೆ ಗೋಡೆ ಕಟ್ಟುವವನನ್ನು ಗೌಂಡಿಯೆಂದು ಕರೆಯುವುದು ರೂಢಿ. ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಬಾಳಿದ ವಾಸ್ತುಶಿಲ್ಪಿ ಆಂತೋನಿ ಗೌದಿಯ ಹೆಸರು ಅದನ್ನು ಹೋಲುವುದು ಆಕಸ್ಮಿಕವೇ ಸರಿ. ಆದರೂ ಕೆಲಸಗಾರರ ನಡುವೆ ನಿಂತೇ ಆಯುಷ್ಯ ಸವೆಸಿದ ಆತನಿಗೆ ಆ ಹೋಲಿಕೆ ಅಪ್ರಿಯವಾಗುತ್ತಿರಲಿಲ್ಲವೆಂದು ತೋರುತ್ತದೆ.

1852ರಲ್ಲಿ ಕಂಚುಗಾರರ ಮನೆತನದಲ್ಲಿ ಜನಿಸಿದ ಗೌದಿ, ಸಪಾಟಾದ ತಾಮ್ರದ ತಗಡು ತಂದೆಯ ಸುತ್ತಿಗೆಯ ಪೆಟ್ಟಿಗೆ ಬಾಗಿ ಪಾತ್ರೆಯಾಗುವುದನ್ನು ನೋಡುತ್ತ ಬೆಳೆದನು. ಸಂಧಿವಾತದ ಬಾಧೆಯಿಂದ ಆಟಪಾಟಗಳು ದೂರವಾದಾಗ ಗಿಡ, ಬಳ್ಳಿ, ಶಂಖಗಳನ್ನು ದಿಟ್ಟಿಸುವುದೇ ಹವ್ಯಾಸವಾಯಿತು. 1878ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದನು. ಮುಂದೆ ಸಿರಿವಂತರಿಗೆ ಕಟ್ಟಿಕೊಟ್ಟ ಮನೆಗಳಲ್ಲಿ ನೇರ ಗೆರೆ ಅಪರೂಪ. ಕಾಸಾ ಮಿಲಾ ಎಂಬ ಭವನವನ್ನು ಊರವರು ಕಲ್ಲಿನ ಗಣಿಯೆಂದು ಹಾಸ್ಯ ಮಾಡಿದರು.

ಆ ವಕ್ರತೆ ಬರಿಯ ವಿಲಾಸವಲ್ಲ. ಗೋಕಾಕ ಜಲಪಾತದ ತೂಗುಸೇತುವೆಯ ಉಕ್ಕಿನ ಹಗ್ಗ ಜೋಲುವ ಬಗೆಯನ್ನು ನಾವೆಲ್ಲರೂ ಕಂಡಿದ್ದೇವೆ. ಅಂಥ ಬಾಗನ್ನು ತಲೆಕೆಳಗು ಮಾಡಿದರೆ ಕಮಾನಾಗುತ್ತದೆ. ಜೋಲುವ ಹಗ್ಗದಲ್ಲಿ ಎಳೆತ ಮಾತ್ರವಿರುವಂತೆ, ತಿರುವಿದ ಕಮಾನಿನಲ್ಲಿ ಒತ್ತಡ ಮಾತ್ರವಿರುತ್ತದೆ. ಒತ್ತಡವನ್ನು ತಾಳುವುದು ಇಟ್ಟಿಗೆ-ಕಲ್ಲುಗಳ ಸಹಜ ಗುಣ. ಗುಎಲ್ ಎಂಬ ಉದ್ಯಮಿಯ ಕಾರ್ಮಿಕರ ವಸತಿಯಲ್ಲಿ ಕಟ್ಟಬೇಕಾಗಿದ್ದ ಇಗರ್ಜಿಗಾಗಿ ಗೌದಿ ದಾರಗಳಿಗೆ ಸೀಸದ ಗುಂಡುಗಳ ಪುಟ್ಟ ಚೀಲಗಳನ್ನು ಕಟ್ಟಿ ತೂಗಬಿಟ್ಟು, ಅದರ ಛಾಯಾಚಿತ್ರವನ್ನು ತಿರುವಿ ಹಿಡಿದು ಕಟ್ಟಡದ ರೂಪವನ್ನು ಕಂಡುಕೊಂಡನು. ವರ್ಷಗಟ್ಟಲೆ ನಡೆದ ಈ ಪ್ರಯೋಗದಿಂದ ಎದ್ದು ನಿಂತದ್ದು ಇಗರ್ಜಿಯ ಕೆಳಮನೆ ಮಾತ್ರ.

1883ರಲ್ಲಿ, 31ರ ಪ್ರಾಯದಲ್ಲಿ, ಸಗ್ರಾದಾ ಫಮಿಲಿಯಾ ದೇವಾಲಯದ ಹೊಣೆ ಆತನಿಗೆ ಬಂದಿತು. ಅದು ಭಕ್ತರ ಕಾಣಿಕೆಯಿಂದಲೇ ಏಳಬೇಕಾದ ಕಟ್ಟಡ. ಹಣವಿದ್ದರೆ ಕೆಲಸ, ಇಲ್ಲವಾದರೆ ಇಲ್ಲ. ಕೊನೆಯ ವರ್ಷಗಳಲ್ಲಿ ಬೇರೆಲ್ಲ ಕೆಲಸಗಳನ್ನು ತೊರೆದು, ತಾನೇ ಮನೆಮನೆಗೆ ಹೋಗಿ ದಾನ ಬೇಡಿದನು.

ನಮ್ಮಂಥ ಶಿಕ್ಷಕರಿಗೆ ಆ ಮುಗಿಲುಮುಟ್ಟುವ ಗೋಪುರಗಳಿಗಿಂತ ಹೆಚ್ಚು ಆಪ್ತವಾಗುವುದು 1909ರಲ್ಲಿ ಅದೇ ಆವರಣದಲ್ಲಿ ಆತನು ಕಟ್ಟಿದ ಶಾಲೆ. ಕೆಲಸಗಾರರ ಮಕ್ಕಳಿಗೂ ಸುತ್ತಲಿನ ಬಡಮಕ್ಕಳಿಗೂ ಬೇಕಾಗಿದ್ದ ಅಗ್ಗದ, ತಾತ್ಕಾಲಿಕ ಕಟ್ಟಡವದು. ದೇವಾಲಯ ಆ ಸ್ಥಳಕ್ಕೆ ಬೆಳೆದಾಗ ಜಾಗ ಬಿಡಬೇಕೆಂಬುದು ಮೊದಲೇ ಗೊತ್ತಿತ್ತು. ಆದರೂ ಗೌದಿ ಉದಾಸೀನ ಮಾಡಲಿಲ್ಲ. ಸಪಾಟಾದ ಕಾಗದ ನೆಟ್ಟಗೆ ನಿಲ್ಲದು, ಮಡಿಚಿದರೆ ನಿಲ್ಲುತ್ತದೆ. ಹಾಗೆಯೇ ತೆಳುವಾದ ಇಟ್ಟಿಗೆಯ ಗೋಡೆಯನ್ನು ಅಲೆಯಲೆಯಾಗಿ ಬಾಗಿಸಿ ಗಟ್ಟಿಗೊಳಿಸಿದನು. ಚಾವಣಿಗೂ ಅದೇ ಅಲೆ. ಮಳೆನೀರು ತಾನಾಗಿ ಹರಿದುಹೋಗುತ್ತಿತ್ತು.

1926ರ ಜೂನ್ 7ರಂದು ಟ್ರಾಮ್ ಗಾಡಿ ಬಡಿದು ಬಿದ್ದ ಮುದುಕನನ್ನು, ಹಳೆಯ ಉಡುಪು ಕಂಡು ಭಿಕ್ಷುಕನೆಂದು ಭಾವಿಸಿ, ಬಡವರ ಆಸ್ಪತ್ರೆಗೆ ಸೇರಿಸಿದರು. ಗುರುತು ಹತ್ತುವಷ್ಟರಲ್ಲಿ ವೇಳೆ ಮೀರಿತ್ತು. 10ರಂದು ಗೌದಿ ತೀರಿಕೊಂಡನು. ದೇವಾಲಯ ಆಗಿನ್ನೂ ಅರೆಯಾಗಿತ್ತು.

1928ರಲ್ಲಿ ಅಲ್ಲಿಗೆ ಬಂದ ಲ ಕಾರ್ಬೂಸಿಯೇ, ಮುಂದೆ ಚಂಡೀಗಡವನ್ನು ರೂಪಿಸಿದಾತ, ತನ್ನ ಪುಸ್ತಕದಲ್ಲಿ ಈ ಶಾಲೆಯ ಚಾವಣಿಯನ್ನು ಚಿತ್ರಿಸಿಕೊಂಡನು. 1936ರ ಅಂತರ್ಯುದ್ಧದಲ್ಲಿ ಗೌದಿಯ ನಕ್ಷೆಗಳೊಡನೆ ಶಾಲೆಯೂ ಸುಟ್ಟಿತು. ಅದನ್ನು ಪುನಃ ಕಟ್ಟಿದರು. ಮಕ್ಕಳು ಪುನಃ ಬಂದರು.